ಕೈ ಬರಲಿಲ್ಲ, ಕಾಲು ಏಳಲಿಲ್ಲ: ಮಿದುಳಿನ ಆಳದ ತೂಬುಗಳ ಬಗ್ಗೆ

ಎಲ್ಲರೂ ಒಂದು ಸಲ ಬಲಗೈ ಎತ್ತಿ. ಹಾಂ, ಇಳಿಸಿ. ಈಗ ಇನ್ನೊಂದು ಸಲ ಎತ್ತಬೇಕು, ಆದರೆ ಯಾವಾಗ ಅಂತ ನಾನು ಹೇಳುವುದಿಲ್ಲ. ನಿಮಗೆ ಯಾವಾಗ ಅನ್ನಿಸುತ್ತದೋ ಆಗ ಎತ್ತಿ.

ನೋಡಿ, ಮೊದಲ ಸಲ ಇಡೀ ಸಭೆಯ ಕೈ ಒಟ್ಟಿಗೆ ಮೇಲೆ ಹೋಯಿತು. ಎರಡನೇ ಸಲ ಕೆಲವರು ತಕ್ಷಣ ಎತ್ತಿದರು, ಕೆಲವರು ಅಕ್ಕಪಕ್ಕ ನೋಡಿ ಎತ್ತಿದರು, ಹಿಂದಿನ ಸಾಲಿನಲ್ಲಿ ಕೆಲವರು ಎತ್ತಲೇ ಇಲ್ಲ. ಭುಜ ಅದೇ, ಸ್ನಾಯು ಅದೇ. ಆದರೆ ಈ ಸಲ ಕೈ ಏಳುವ ಮೊದಲು ಒಳಗೆ ಏನೋ ಒಂದು ಏಳಬೇಕಿತ್ತು. ಅದು ಏನು, ಎಲ್ಲಿಂದ ಏಳುತ್ತದೆ, ಏಳದೇ ಹೋದರೆ ಏನಾಗುತ್ತದೆ ಅನ್ನುವುದೇ ಇವತ್ತಿನ ಮಾತು.

ಕನ್ನಡದಲ್ಲಿ 'ಅಷ್ಟು ದುಡ್ಡು ಕೊಡೋಕೆ ಕೈ ಬರಲಿಲ್ಲ' ಅಂತೀವಿ. 'ತವರು ಬಿಟ್ಟು ಹೊರಡೋಕೆ ಕಾಲೇ ಏಳಲಿಲ್ಲ' ಅಂತೀವಿ. ಕೈಗೂ ಕಾಲಿಗೂ ಏನೂ ಆಗಿರುವುದಿಲ್ಲ, ಬಾರದೇ ಇದ್ದದ್ದು ಮನಸ್ಸು. ಆದರೂ ನಮ್ಮ ಭಾಷೆ ಅದನ್ನು ಕೈಕಾಲಿನ ಲೆಕ್ಕಕ್ಕೆ ಹಾಕುತ್ತದೆ. ಇದು ಸುಮ್ನೆ ಮಾತಿನ ಸೊಗಸು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಮಿದುಳಿನ ಪಾಠ ಹೇಳಲು ಶುರು ಮಾಡಿದ ಮೇಲೆ ಗೊತ್ತಾಯಿತು. ಬೇಕು ಅನ್ನಿಸುವುದು, ಕೈಕಾಲು ಆಡುವುದು, ಇವೆರಡೂ ಮಿದುಳಿನ ಆಳದಲ್ಲಿ ಒಂದೇ ಅಂಗಳದಲ್ಲಿ ನಡೆಯುವ ಕೆಲಸ.

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಮಲೆನಾಡಿನಲ್ಲಿ ಅವರದು ಅಡಿಕೆ ತೋಟ. ಅರವತ್ತು ದಾಟಿದ ಮೇಲೆ ನಿಧಾನ ಆಗುತ್ತಾ ಬಂದರು. ಮೊದಲು ಕಂಡದ್ದು ಲೆಕ್ಕದ ಪುಸ್ತಕದಲ್ಲಿ. ಸಾಲಿನ ಶುರುವಿನಲ್ಲಿ ದಪ್ಪಗಿರುವ ಅಕ್ಷರ, ಕೊನೆಗೆ ಹೋಗುವಷ್ಟರಲ್ಲಿ ಇರುವೆಯಷ್ಟಾಗುತ್ತಿತ್ತು. ನಡೆಯುವಾಗ ಬಲಗೈ ಬೀಸುವುದು ನಿಂತಿತು. ಮುಖದಲ್ಲಿ ನಗು ಕಾಣಿಸುವುದು ಕಡಿಮೆಯಾಯಿತು. ಕೈ ನಡುಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಇದು ಕಾಯಿಲೆ ಅನ್ನಿಸಲಿಲ್ಲ. ಸ್ನಾನಕ್ಕೆ ಏಳಿ ಅಂದರೆ ಅರ್ಧ ಗಂಟೆ. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಿದ್ದರು. ಹೀಗಿರುವಾಗ ಒಂದು ಸಂಜೆ ತೋಟಕ್ಕೆ ದನ ನುಗ್ಗಿದೆ ಅಂತ ಯಾರೋ ಕೂಗಿದರು ನೋಡಿ, ಅದೇ ದೊಡ್ಡಪ್ಪ ಜಗಲಿ ಇಳಿದು ಸರಸರ ನಡೆದೇಬಿಟ್ಟರು! ಅವತ್ತು ಮನೆಯಲ್ಲಿ ತೀರ್ಮಾನ ಆಗಿಹೋಯಿತು. 'ಆಗಲ್ಲ ಅಂತೇನಿಲ್ಲ, ಮನಸ್ಸು ಮಾಡಲ್ಲ ಅಷ್ಟೆ.' ಆ ಮಾತು ನಾನೂ ಹೇಳಿದ್ದೇನೆ. ಆಗ ನನಗೆ ಹತ್ತೊಂಬತ್ತು ವರ್ಷ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅದು ಪಾರ್ಕಿನ್ಸನ್ ಕಾಯಿಲೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ಬರೆದರು. ಅವರಲ್ಲಿ ಕೆಲವರನ್ನು ಅವರು ನೋಡಿದ್ದು ಬೀದಿಯಲ್ಲಿ. ಆದರೆ ಮಿದುಳಿನಲ್ಲಿ ಎಲ್ಲಿ ತೊಂದರೆ ಅಂತ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. 1919ರಲ್ಲಿ ಪ್ಯಾರಿಸಿನಲ್ಲಿ ಕಾನ್‌ಸ್ಟಾಂಟಿನ್ ಟ್ರೆಟಿಯಕಾಫ್ ಎಂಬಾತ ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಒಂದು ಪುಟ್ಟ ಕಪ್ಪು ಭಾಗದ ಕೋಶಗಳು ಸತ್ತಿವೆ ಅಂತ ತೋರಿಸಿದರು. ಅದರ ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಲ್ಯಾಟಿನ್‌ನಲ್ಲಿ ಹಾಗಂದರೆ ಕಪ್ಪು ವಸ್ತು ಅಂತ, ಅಷ್ಟೇ. ಬರಿಗಣ್ಣಿಗೇ ಕಾಣುವ ಕಪ್ಪು ಗೆರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯ ಇದೆ, ಸಾರ್ವಜನಿಕರೂ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ನಡುಮಿದುಳನ್ನು ಅಡ್ಡಕ್ಕೆ ಕೊಯ್ದರೆ ಎರಡೂ ಕಡೆ ಹುಬ್ಬು ತೀಡಿದ ಹಾಗೆ ಈ ಗೆರೆ ಇರುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಅದು ಅಳಿಸಿದ ಹಾಗೆ ಮಸುಕಾಗಿರುತ್ತದೆ.

ಮಿದುಳು ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಅಕ್ರೋಟಿನ ಹಾಗೆ ಸುಕ್ಕುಗಟ್ಟಿದ ಹೊರಭಾಗ. ನಾನು ಹೇಳುತ್ತಿರುವುದು ಅದರ ಕೆಳಗೆ, ತುಂಬ ಒಳಗೆ ಇರುವ ಕೋಶಗಳ ಗುಂಪುಗಳ ಬಗ್ಗೆ. ಎಲ್ಲ ಸೇರಿಸಿ ಬೇಸಲ್ ಗ್ಯಾಂಗ್ಲಿಯಾ ಅನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಸ್ಟ್ರಯೇಟಮ್. ಈ ಒಂದು ಹೆಸರು, ಆಮೇಲೆ ಆ ಕಪ್ಪು ಗೆರೆ, ಇವೆರಡು ನೆನಪಿದ್ದರೆ ಇವತ್ತಿಗೆ ಸಾಕು. ಇದು ತುಂಬ ಹಳೆಯ ಏರ್ಪಾಡು. ಲ್ಯಾಂಪ್ರೇ ಅಂತ ದವಡೆಯೇ ಇಲ್ಲದ ಒಂದು ಜಲಚರ ಇದೆ, ಹಾವಿನ ಹಾಗಿರುತ್ತದೆ. ಅದರ ವಂಶ, ನಮ್ಮ ವಂಶ ಬೇರೆಯಾಗಿ ಸುಮಾರು 50 ಕೋಟಿ ವರ್ಷ ಆಯಿತು. ಸ್ವೀಡನ್ನಿನ ಸ್ಟೆನ್ ಗ್ರಿಲ್ನರ್ ಮತ್ತು ಅವರ ಜೊತೆಯವರು ಅದರ ಮಿದುಳನ್ನು ಬಿಡಿಸಿ ನೋಡಿದರೆ ಇದೇ ಗುಂಪುಗಳು, ಇದೇ ಜೋಡಣೆ, ಇದೇ ರಾಸಾಯನಿಕಗಳು ಸಿಕ್ಕವು. ಯಾವ ಕಡೆ ಹೋಗಲಿ, ಈಗ ಹೋಗಲೋ ಬೇಡವೋ ಅನ್ನುವ ಪ್ರಶ್ನೆ ಅಷ್ಟು ಹಳೆಯದು.

ಈಗ ಇದು ಕೆಲಸ ಮಾಡುವ ರೀತಿಗೆ ಬರೋಣ. ನಿಮಗೆ ಆಶ್ಚರ್ಯ ಆಗಬಹುದು. ಬೇಸಲ್ ಗ್ಯಾಂಗ್ಲಿಯಾದಿಂದ ಹೊರಗೆ ಹೋಗುವ ಸಂದೇಶ 'ಮಾಡು' ಅಂತಲ್ಲ, 'ಬೇಡ' ಅಂತ. ನೀವು ಸುಮ್ನೆ ಕೂತಿದ್ದಾಗಲೂ ಅಲ್ಲಿನ ಹೊರಬಾಗಿಲ ಕೋಶಗಳು ಬಿಡದೆ ಮಿಡಿಯುತ್ತಾ ಇರುತ್ತವೆ. ಕೋತಿಗಳಲ್ಲಿ ಅಳೆದರೆ ಸೆಕೆಂಡಿಗೆ 60ರಿಂದ 80 ಸಲ. ಪ್ರತಿ ಮಿಡಿತವೂ ಮುಂದಿನ ಕೋಶಕ್ಕೆ ಬೇಡ, ಬೇಡ, ಬೇಡ. ಹಾಗಾದರೆ ಕೈ ಏಳುವುದು ಹೇಗೆ?

ನಿಮ್ಮಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯವರಿದ್ದರೆ ನೀರುಗಂಟಿಯ ವಿಷಯ ಗೊತ್ತಿರುತ್ತದೆ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು ಅವನು. ಅವನು ನೀರನ್ನು ತಳ್ಳುವುದಿಲ್ಲ, ಅಲ್ವಾ? ನೀರು ಹಗಲೂ ರಾತ್ರಿ ತೂಬಿನ ಮೇಲೆ ಒತ್ತುತ್ತಲೇ ಇರುತ್ತದೆ. ಅವನು ತೂಬು ಎತ್ತುತ್ತಾನೆ, ನೀರು ತಾನಾಗಿ ಹೋಗುತ್ತದೆ. ನಮ್ಮ ಮಿದುಳಿನಲ್ಲೂ ಹಾಗೇ. ಕೈ ಎತ್ತು, ತಲೆ ಕೆರೆ, ಎದ್ದು ಹೋಗು, ಪಕ್ಕದವರನ್ನು ಮಾತಾಡಿಸು ಅಂತ ಹತ್ತು ಯೋಜನೆಗಳು ಒಟ್ಟಿಗೆ ಒತ್ತುತ್ತಾ ಇರುತ್ತವೆ. ಎಲ್ಲದರ ಮೇಲೂ 'ಬೇಡ' ಅನ್ನುವ ತೂಬು ಕೂತಿದೆ. ಸ್ಟ್ರಯೇಟಮ್ ನಮ್ಮ ನೀರುಗಂಟಿ. ಒಂದು ತೂಬಿನ 'ಬೇಡ'ವನ್ನು ಅದು ಒಂದು ಕ್ಷಣ ಬಾಯಿ ಮುಚ್ಚಿಸುತ್ತದೆ. ಆ ಒಂದು ಚಲನೆ ಹೊರಗೆ ಬರುತ್ತದೆ. 1983ರಲ್ಲಿ ಹಿಕೊಸಾಕ ಮತ್ತು ವುರ್ಟ್ಜ್ ಇದನ್ನು ಕೋತಿಯ ಕಣ್ಣಿನ ಚಲನೆಯಲ್ಲಿ ಚೆನ್ನಾಗಿ ತೋರಿಸಿದರು. ಕೋತಿ ಒಂದು ಚುಕ್ಕೆಯ ಕಡೆ ಕಣ್ಣು ಹೊರಳಿಸುವ ಸ್ವಲ್ಪ ಮುಂಚೆ, ಅಷ್ಟು ಹೊತ್ತು ಸತತವಾಗಿ ಮಿಡಿಯುತ್ತಿದ್ದ ಕೋಶ ಥಟ್ಟನೆ ಸುಮ್ಮನಾಗುತ್ತದೆ. ಆ ಮೌನವೇ ಅಪ್ಪಣೆ.

ನನಗೆ ಇದು ಬಹಳ ಇಷ್ಟವಾದ ಸಂಗತಿ. ನಾವು ಮಾಡುವ ಪ್ರತಿ ಕೆಲಸದ ಹಿಂದೆ, ಮಾಡದೇ ತಡೆದ ಇನ್ನೆಷ್ಟೋ ಕೆಲಸ ಇರುತ್ತದೆ.

ನೀರುಗಂಟಿಗೆ ಎರಡು ಕೈ. ಒಂದು ಕೈ ಬೇಕಾದ ತೂಬು ಎತ್ತುತ್ತದೆ, ಇನ್ನೊಂದು ಬೇಡದವನ್ನು ಒತ್ತಿ ಹಿಡಿಯುತ್ತದೆ. ಸ್ಟ್ರಯೇಟಮ್‌ನಿಂದ ಹೊರಡುವ ಎರಡು ದಾರಿಗಳಿಗೆ ನೇರ ದಾರಿ, ಸುತ್ತು ದಾರಿ ಅನ್ನೋಣ. 2010ರಲ್ಲಿ ಇಲಿಗಳಲ್ಲಿ ಬೆಳಕಿನಿಂದ ಬೇರೆ ಬೇರೆ ಕೋಶಗಳನ್ನು ಎಬ್ಬಿಸಿ ನೋಡಿದರು. ನೇರ ದಾರಿ ಎಬ್ಬಿಸಿದರೆ ಇಲಿ ಓಡಾಡಿತು, ಸುತ್ತು ದಾರಿ ಎಬ್ಬಿಸಿದರೆ ನಿಂತುಬಿಟ್ಟಿತು. ಹಾಗಂತ ಒಂದು ಆಕ್ಸಿಲರೇಟರ್, ಇನ್ನೊಂದು ಬ್ರೇಕ್ ಅಂತ ಬರೆದುಕೊಳ್ಳಬೇಡಿ. 2013ರಲ್ಲಿ ಗೊತ್ತಾಯಿತು, ಇಲಿ ತಾನಾಗಿ ಹೊರಟಾಗ ಎರಡೂ ದಾರಿ ಒಟ್ಟಿಗೇ ಚುರುಕಾಗುತ್ತವೆ. ಒಂದು ಗದ್ದೆಗೆ ಬಿಡುವಾಗ ಉಳಿದವನ್ನು ಮುಚ್ಚಲೂಬೇಕಲ್ಲ.

ಈ ಎರಡನೇ ಕೈ ಸೋತರೆ ಏನಾಗುತ್ತದೆ ಅನ್ನುವುದಕ್ಕೂ ಕಾಯಿಲೆ ಇದೆ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಅಂತ ಅಮೆರಿಕದ ಎಳೆಯ ವೈದ್ಯ, 22 ವರ್ಷದವರು, ವಂಶದಲ್ಲಿ ಇಳಿದು ಬರುವ ಒಂದು ಕಾಯಿಲೆಯನ್ನು ವಿವರಿಸಿದರು. ಅದರಲ್ಲಿ ಸ್ಟ್ರಯೇಟಮ್‌ನ ಕೋಶಗಳು ಸಾಯುತ್ತವೆ, ಸುತ್ತು ದಾರಿಯವು ಮೊದಲು. ಬೇಡದ ತೂಬುಗಳೆಲ್ಲ ಸೋರುತ್ತವೆ. ಕೈಕಾಲು, ಮುಖ, ಕುಣಿದ ಹಾಗೆ ತಾನಾಗಿ ಆಡುತ್ತಿರುತ್ತದೆ. ಪಾರ್ಕಿನ್ಸನ್ನಿನಲ್ಲಿ ಇದರ ಉಲ್ಟಾ. ತೂಬುಗಳು ತುಕ್ಕು ಹಿಡಿದ ಹಾಗೆ ಬಿಗಿ.

ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವ ಎಣ್ಣೆ ಯಾವುದು? ಡೋಪಮೈನ್, ಆ ಕಪ್ಪು ಗೆರೆಯ ಕೋಶಗಳು ತಯಾರಿಸಿ ಸ್ಟ್ರಯೇಟಮ್‌ಗೆ ಕಳಿಸುವ ರಾಸಾಯನಿಕ. ಇದು ತಿಳಿದ ಕಥೆ ನಮ್ಮ ಹಿತ್ತಿಲಿನ ಗಿಡದಿಂದಲೇ ಶುರುವಾಗುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸರ್ಪಗಂಧ ಗೊತ್ತಲ್ಲ, ನಮ್ಮ ಪಶ್ಚಿಮ ಘಟ್ಟದ ಕಡೆ ಬೆಳೆಯುವ ಪುಟ್ಟ ಗಿಡ, ಬೇರು ಔಷಧಿಗೆ. ಅದರಿಂದ ರಕ್ತದೊತ್ತಡ ಇಳಿಯುತ್ತದೆ ಅಂತ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದ ಲೇಖನದಿಂದ ಹೊರಗಿನ ವೈದ್ಯರೆಲ್ಲ ಆ ಕಡೆ ತಿರುಗಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರಿಸರ್ಪಿನ್ ಎಂಬ ವಸ್ತು ಬೇರ್ಪಡಿಸಿದರು. ಅದನ್ನು ಪ್ರಾಣಿಗಳಿಗೆ ಜಾಸ್ತಿ ಕೊಟ್ಟರೆ ಅವು ಅಲ್ಲಾಡದೆ ಬಿದ್ದುಕೊಳ್ಳುತ್ತಿದ್ದವು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಕಿವಿ ಜೋತು ಬಿತ್ತು, ಮೊಲ ಮುದುರಿ ಕೂತಿತು. ಆಮೇಲೆ ಎಲ್-ಡೋಪ ಅನ್ನುವ ವಸ್ತುವಿನ ಇಂಜೆಕ್ಷನ್ ಕೊಟ್ಟರು. ಮಿದುಳು ಡೋಪಮೈನ್ ತಯಾರಿಸುವುದು ಅದರಿಂದಲೇ. ಸ್ವಲ್ಪ ಹೊತ್ತಿಗೆ ಕಿವಿ ನೆಟ್ಟಗಾಯಿತು, ಮೊಲ ಎದ್ದು ಓಡಾಡಿತು! ಅಲ್ಲಿಯ ತನಕ ಡೋಪಮೈನ್ ಅಂದರೆ ಬೇರೆ ಯಾವುದೋ ರಾಸಾಯನಿಕ ತಯಾರಾಗುವಾಗ ನಡುವೆ ಬಂದು ಹೋಗುವ ವಸ್ತು ಅಂತ ಲೆಕ್ಕ. ಅದಕ್ಕೇ ಒಂದು ಕೆಲಸ ಇದೆ ಅಂತ ಆ ಮೊಲಗಳು ಹೇಳಿದವು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಮತ್ತು ಎರಿಂಗರ್ ಪಾರ್ಕಿನ್ಸನ್ ರೋಗಿಗಳ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ತುಂಬ ಕಮ್ಮಿಯಾಗಿದೆ ಅಂತ ತೋರಿಸಿದರು. ಮರುವರ್ಷವೇ ರೋಗಿಗಳಿಗೆ ಎಲ್-ಡೋಪ ಇಂಜೆಕ್ಷನ್ ಕೊಟ್ಟು ನೋಡಿದರು. ಹಾಸಿಗೆ ಹಿಡಿದವರು ಎದ್ದು ಕೂತರು, ಆದರೆ ಸ್ವಲ್ಪ ಹೊತ್ತು ಮಾತ್ರ. ದಿನವೂ ನುಂಗುವ ಔಷಧಿಯಾಗಿ, ಸ್ವಲ್ಪ ಸ್ವಲ್ಪ ಏರಿಸುತ್ತಾ ಕೊಡಬಹುದು ಅಂತ 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಸಿಯಸ್ ತೋರಿಸಿದರು. ಇವತ್ತಿಗೂ ಪಾರ್ಕಿನ್ಸನ್ನಿಗೆ ಮುಖ್ಯ ಮಾತ್ರೆ ಅದೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಎಲ್-ಡೋಪ ನಮ್ಮ ಬೇಲಿಯ ಮೇಲೇ ಇದೆ. ನಸುಗುನ್ನಿ! ಚಿಕ್ಕವರಿದ್ದಾಗ ಅದರ ಕಾಯಿ ತಾಗಿ ಮೈಯೆಲ್ಲ ಕೆರೆದುಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದರ ಬೀಜದಲ್ಲಿ ಎಲ್-ಡೋಪ ಇದೆ ಅಂತ 1937ರಲ್ಲೇ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಕಂಡುಹಿಡಿದಿದ್ದರು. ಕಾರ್ಲ್‌ಸನ್ನರ ಮೊಲಕ್ಕಿಂತ 20 ವರ್ಷ ಮುಂಚೆ. ಕಂಪವಾತಕ್ಕೆ ಆಯುರ್ವೇದದಲ್ಲಿ ನಸುಗುನ್ನಿ ಕೊಡುವುದು ಅದಕ್ಕೂ ಹಳೆಯ ರೂಢಿ. ಪ್ರತಿ ಸಲ ಈ ವಿಷಯ ಹೇಳಿದಾಗಲೂ ಯಾರಾದರೂ ಬಂದು, ಪುಡಿ ಮಾಡಿ ಹಾಲಿಗೆ ಹಾಕಿ ಕೊಡಬಹುದಾ ಅಂತ ಕೇಳುತ್ತಾರೆ. ದಯವಿಟ್ಟು ನೀವೇ ಶುರು ಮಾಡಬೇಡಿ. ಒಂದು ಬೀಜದ ಹಾಗೆ ಇನ್ನೊಂದು ಬೀಜ ಇರುವುದಿಲ್ಲ, ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಈಗಾಗಲೇ ಮಾತ್ರೆ ತಗೊಳ್ಳುತ್ತಿರುವವರಿಗೆ ಎರಡೂ ಸೇರಿ ಜಾಸ್ತಿಯಾದರೆ ತೊಂದರೆ. ನೋಡುತ್ತಿರುವ ವೈದ್ಯರಿಗೆ ಹೇಳದೆ ಏನೂ ಬೇಡ.

ಡೋಪಮೈನ್ ಕೋಶಗಳು ಎಷ್ಟಿವೆ ಗೊತ್ತಾ? ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ. ಅದರಲ್ಲಿ ನಡುಮಿದುಳಿನ ಈ ಕೋಶಗಳು ನಾಲ್ಕರಿಂದ ಆರು ಲಕ್ಷ, ಅಷ್ಟೆ. ಆದರೆ ಒಂದೊಂದೂ ಆಲದ ಮರದ ಹಾಗೆ ಕೊಂಬೆ ಚಾಚುತ್ತದೆ. ಮನುಷ್ಯನಲ್ಲಿ ಒಂದೇ ಕೋಶದ ಕೊಂಬೆಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ನಾಲ್ಕು ಮೀಟರಿಗೂ ಜಾಸ್ತಿ, ಕೂಡುವ ಜಾಗಗಳು ಹತ್ತು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಇಷ್ಟು ದೊಡ್ಡ ಸಂಸಾರ ಸಾಕುವುದಕ್ಕೆ ಬೇಕಾಗುವ ಶಕ್ತಿಯೇ ಇವು ಬೇಗ ಸೋಲುವುದಕ್ಕೆ ಒಂದು ಕಾರಣ ಇರಬೇಕು ಅಂತ ಹಲವರು ಯೋಚಿಸುತ್ತಾರೆ. ಕೈಕಾಲಿನ ತೊಂದರೆ ಹೊರಗೆ ಕಾಣುವ ಹೊತ್ತಿಗೆ ಅರ್ಧದಷ್ಟು ಕೋಶಗಳು ಹೋಗಿಬಿಟ್ಟಿರುತ್ತವೆ.

ಇಲ್ಲಿಯ ತನಕ ಚಲನೆ. ಈಗ ಮನಸ್ಸಿನ ಕಡೆ ಬರೋಣ.

1954ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಆಳಕ್ಕೆ ತೆಳ್ಳನೆಯ ತಂತಿ ಇಳಿಸಿದರು. ಇಲಿ ಒಂದು ಸನ್ನೆಕೋಲು ಒತ್ತಿದರೆ ಆ ಜಾಗಕ್ಕೆ ಚೂರು ವಿದ್ಯುತ್. ಇಲಿಗಳು ಒತ್ತಿದವು, ಮತ್ತೆ ಒತ್ತಿದವು, ಗಂಟೆಗೆ ನೂರಾರು ಸಲ. ಮುಂದೆ ಆ ಹಾದಿಯಲ್ಲಿ ಡೋಪಮೈನ್ ಇದೆ ಅಂತ ಗೊತ್ತಾದಾಗ, ಇದು 'ಸಂತೋಷದ ರಾಸಾಯನಿಕ' ಅನ್ನುವ ಹೆಸರು ಅಂಟಿಕೊಂಡಿತು. ಈಗ ಮೊಬೈಲ್ ತೆಗೆದರೆ ಸಾಕು, ಎಲ್ಲರೂ ಡೋಪಮೈನ್ ಬಗ್ಗೆಯೇ ಮಾತಾಡುತ್ತಾರೆ. ಆ ಹೆಸರು ತಪ್ಪು. ತಪ್ಪು ಅಂತ ತೋರಿಸಿದ ಪ್ರಯೋಗಗಳು ಮನಸ್ಸು ಕಲಕುವಂಥವು.

ಅಮೆರಿಕದ ರಿಚರ್ಡ್ ಪಾಮಿಟರ್ 1995ರ ಹೊತ್ತಿಗೆ ಡೋಪಮೈನ್ ತಯಾರಿಸಲಾಗದ ಇಲಿಗಳನ್ನು ಬೆಳೆಸಿದರು. ಕೆಲವು ವಾರಗಳಲ್ಲಿ ಅವು ಹಸಿವಿನಿಂದ ಸಾಯುತ್ತಿದ್ದವು. ಆಹಾರ ಪಕ್ಕದಲ್ಲೇ ಇರುತ್ತಿತ್ತು! ಬಾಯಿಗೆ ಇಟ್ಟರೆ ನುಂಗುತ್ತಿದ್ದವು. ಎಲ್-ಡೋಪ ಕೊಟ್ಟ ದಿನ ಎದ್ದು ಹೋಗಿ ತಾವೇ ತಿನ್ನುತ್ತಿದ್ದವು. ಅದೇ ಕಾಲದಲ್ಲಿ ಮಿಷಿಗನ್ನಿನ ಕೆಂಟ್ ಬೆರಿಡ್ಜ್ ಡೋಪಮೈನ್ ಕಳೆದುಕೊಂಡ ಇಲಿಗಳ ನಾಲಿಗೆಗೆ ಸಕ್ಕರೆ ನೀರು ಹಾಕಿ ಮುಖ ನೋಡಿದರು. ಎಳೆಮಗು ಜೇನು ನೆಕ್ಕಿದಾಗ ತುಟಿ ಚಪ್ಪರಿಸುತ್ತದಲ್ಲ, ಹಾಗೇ ಚಪ್ಪರಿಸಿದವು. ಅಂದರೆ ರುಚಿ ಇತ್ತು, ಖುಷಿಯೂ ಇತ್ತು. ಹೋಗಿ ತಿನ್ನುವ ಒತ್ತು ಮಾತ್ರ ಇರಲಿಲ್ಲ. 'ಚೆನ್ನಾಗಿದೆ' ಅನ್ನುವುದು ಬೇರೆ, 'ಬೇಕು' ಅನ್ನುವುದು ಬೇರೆ. ಡೋಪಮೈನ್ ಇರುವುದು 'ಬೇಕು' ಕಡೆ.

ಇನ್ನೊಂದು ಕೆಲಸವೂ ಅದಕ್ಕಿದೆ, ಕಲಿಸುವುದು. ವೋಲ್ಫ್‌ರಾಮ್ ಶುಲ್ಟ್ಜ್ ಕೋತಿಗಳ ಡೋಪಮೈನ್ ಕೋಶಗಳ ಮಿಡಿತ ಕೇಳುತ್ತಾ ಅವಕ್ಕೆ ಹಣ್ಣಿನ ರಸದ ಹನಿ ಕೊಡುತ್ತಿದ್ದರು. ನಮ್ಮ ಮನೆ ಲೆಕ್ಕದಲ್ಲಿ ಹೇಳುತ್ತೇನೆ. ಯುಗಾದಿಗೆ ಹೋಳಿಗೆ ಇದ್ದೇ ಇರುತ್ತದೆ, ಎಲೆಗೆ ಬಿದ್ದಾಗ ಡೋಪಮೈನ್ ಕೋಶಕ್ಕೆ ಅದು ಹೊಸ ಸುದ್ದಿಯಲ್ಲ. ಏನೂ ವಿಶೇಷ ಇಲ್ಲದ ಮಂಗಳವಾರ ಮನೆಗೆ ಬಂದರೆ ಹೋಳಿಗೆ! ಆಗ ಅದು ಜೋರಾಗಿ ಮಿಡಿಯುತ್ತದೆ. ಯುಗಾದಿಯ ದಿನ ಊಟಕ್ಕೆ ಕೂತರೆ ಹೋಳಿಗೆಯೇ ಇಲ್ಲ ಅಂದರೆ ಇದ್ದ ಮಿಡಿತವೂ ಒಂದು ಕ್ಷಣ ನಿಂತುಹೋಗುತ್ತದೆ. ಸಿಕ್ಕಿದ್ದಕ್ಕೂ ಅಂದುಕೊಂಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ಸಾರುತ್ತದೆ. ಸ್ಟ್ರಯೇಟಮ್ ಅದನ್ನು ಕೇಳಿಸಿಕೊಂಡು, ಮುಂದಿನ ಸಲ ಯಾವ ತೂಬನ್ನು ಸುಲಭವಾಗಿ ಎತ್ತಬೇಕು, ಯಾವುದನ್ನು ಬಿಗಿ ಮಾಡಬೇಕು ಅಂತ ತಿದ್ದಿಕೊಳ್ಳುತ್ತದೆ. ಸ್ಕೂಟರ್ ಕಲಿಯುವುದು, ಒಂದೇ ಬೀದಿಯಲ್ಲಿ ಮನೆಗೆ ತಿರುಗುವ ಅಭ್ಯಾಸ, ಕುಡಿತದ ಚಟ, ಎಲ್ಲದರಲ್ಲೂ ಈ ತಿದ್ದುಪಡಿ ಇದೆ.

ಎರಡೂ ಎಳೆ ಸೇರುವ ಜಾಗಕ್ಕೆ ಬಂದೆವು. 2007ರಲ್ಲಿ ನ್ಯೂಯಾರ್ಕಿನಲ್ಲಿ ಮಜ್ಜೋನಿ, ಹ್ರಿಸ್ಟೋವಾ, ಕ್ರಾಕವರ್ ಎಂಬ ಮೂವರು ಒಂದು ಸರಳ ಪ್ರಶ್ನೆ ಕೇಳಿದರು. ಪಾರ್ಕಿನ್ಸನ್ ಇದ್ದವರು ನಿಧಾನ ಮಾಡುವುದು ಬೇಗ ಮಾಡಿದರೆ ಗುರಿ ತಪ್ಪುತ್ತದೆ ಅಂತಲಾ? ಇಷ್ಟು ವೇಗದಲ್ಲಿ ಕೈ ಚಾಚಿ ಅಂತ ಹೇಳಿ ಮಾಡಿಸಿದರು. ರೋಗಿಗಳು ಆ ವೇಗದಲ್ಲಿ ಕೈ ಚಾಚಿದಾಗ ಉಳಿದವರಷ್ಟೇ ಸರಿಯಾಗಿ ಚಾಚಿದರು. ಗುರಿ ತಪ್ಪಲಿಲ್ಲ. ಆದರೆ ಬೇಕಾದಷ್ಟು ವೇಗದ ಚಲನೆಗಳು ಸಿಗಲು ಅವರಿಗೆ ಜಾಸ್ತಿ ಪ್ರಯತ್ನ ಬೇಕಾಯಿತು. ಕೈಗೆ ಶಕ್ತಿ ಇದೆ. ಇಷ್ಟು ಶ್ರಮ ಹಾಕಬಹುದಾ ಅಂತ ಒಳಗೆ ನಡೆಯುವ ಲೆಕ್ಕದಲ್ಲಿ ಶ್ರಮದ ಬೆಲೆ ಏರಿಹೋಗಿದೆ. ಈ ಲೆಕ್ಕ ನಾವು ಕೂತು ಯೋಚಿಸಿ ಹಾಕುವುದಲ್ಲ. ನಮ್ಮ ಅರಿವಿಗೆ ಬರುವ ಮೊದಲೇ ಆಗಿಹೋಗಿರುತ್ತದೆ.

ಈ ಲೇಖನ ಓದಿದ ದಿನ ನನಗೆ ದೊಡ್ಡಪ್ಪ ಕಣ್ಣಮುಂದೆ ಬಂದರು. 'ಮನಸ್ಸು ಮಾಡಲ್ಲ' ಅಂದಿದ್ದೆವಲ್ಲ, ಮನಸ್ಸು ಮಾಡುವ ಯಂತ್ರಕ್ಕೇ ಕಾಯಿಲೆ ಬಂದಿತ್ತು. ಕುರುಡರಿಗೆ ಸರಿಯಾಗಿ ನೋಡಿ ಅಂತ ಹೇಳಿದ ಹಾಗಿತ್ತು ನಮ್ಮ ಮಾತು.

ಇದು ಪಾರ್ಕಿನ್ಸನ್ನಿಗೆ ಮಾತ್ರ ಸೇರಿದ್ದಲ್ಲ. 1980ರ ದಶಕದಲ್ಲಿ ಪ್ಯಾರಿಸಿನ ಡೊಮಿನಿಕ್ ಲಾಪ್ಲೇನ್ ಕೆಲವರ ಬಗ್ಗೆ ಬರೆದರು. ವಿಷಗಾಳಿ ಕುಡಿದು, ಅಥವಾ ಬೇರೆ ಕಾರಣಕ್ಕೆ, ಅವರ ಬೇಸಲ್ ಗ್ಯಾಂಗ್ಲಿಯಾದ ಒಂದು ಭಾಗಕ್ಕೆ ಎರಡೂ ಕಡೆ ಪೆಟ್ಟಾಗಿತ್ತು. ಕೈಕಾಲು ಬಹುಮಟ್ಟಿಗೆ ಸರಿ ಇತ್ತು, ಬುದ್ಧಿಯೂ ಸರಿ ಇತ್ತು. ಯಾರಾದರೂ ಹೇಳಿದರೆ ಕೆಲಸ ಮಾಡುತ್ತಿದ್ದರು, ಕೇಳಿದರೆ ಉತ್ತರ ಕೊಡುತ್ತಿದ್ದರು. ಒಬ್ಬರನ್ನೇ ಬಿಟ್ಟರೆ ಗಂಟೆಗಟ್ಟಲೆ ಹಾಗೇ ಕೂತಿರುತ್ತಿದ್ದರು. ಏನು ಯೋಚಿಸುತ್ತಿದ್ದೀರಿ ಅಂದರೆ, ಏನೂ ಇಲ್ಲ, ತಲೆ ಖಾಲಿ ಅನ್ನುತ್ತಿದ್ದರು. ಬೇಸರವೂ ಇಲ್ಲ. ನಾನು ಶುರುವಿನಲ್ಲಿ ಎರಡು ಸಲ ಕೈ ಎತ್ತಿಸಿದೆನಲ್ಲ? ಅವರಾಗಿದ್ದರೆ ಮೊದಲ ಸಲ ನಿಮ್ಮ ಹಾಗೇ ಎತ್ತುತ್ತಿದ್ದರು. ಎರಡನೇ ಸಲ ಎತ್ತುತ್ತಿರಲಿಲ್ಲ.

ಇದರ ಇನ್ನೊಂದು ತುದಿಯನ್ನೂ ಹೇಳಲೇಬೇಕು, ಮನೆಯಲ್ಲಿ ಪಾರ್ಕಿನ್ಸನ್ ಇರುವವರಿಗೆ ಇದು ಗೊತ್ತಿರಬೇಕು. ಡೋಪಮೈನ್ ಹಾಗೇ ಕೆಲಸ ಮಾಡುವ ಕೆಲವು ಮಾತ್ರೆಗಳಿವೆ. ಕೈಕಾಲಿಗೆ ಅವು ಒಳ್ಳೆಯದೇ ಮಾಡುತ್ತವೆ. ಆದರೆ ಕೆಲವರಲ್ಲಿ 'ಬೇಕು' ಅನ್ನುವುದು ಮಿತಿ ಮೀರುತ್ತದೆ. ಜೀವನದಲ್ಲಿ ಇಸ್ಪೀಟು ಮುಟ್ಟದವರು ಜೂಜಿಗೆ ಬೀಳುತ್ತಾರೆ, ಬೇಡದ ಸಾಮಾನು ಕೊಳ್ಳುತ್ತಲೇ ಇರುತ್ತಾರೆ, ತಿನ್ನುತ್ತಲೇ ಇರುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 2010ರ ಒಂದು ಅಧ್ಯಯನದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರಿಗೆ ಇಂಥದ್ದು ಏನಾದರೊಂದು ಇತ್ತು. ಮನೆಯವರು ಇದನ್ನು ನಾಚಿಕೆಯ ವಿಷಯ ಅಂತ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ವೈದ್ಯರಿಗೆ ಹೇಳಿ. ಮಾತ್ರೆ ಬದಲಿಸಿದರೆ ಎಷ್ಟೋ ಜನಕ್ಕೆ ಇಳಿಯುತ್ತದೆ. ಮಾತ್ರೆಯನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ.

ಹಾಗಾದರೆ ದನ ನುಗ್ಗಿದಾಗ ದೊಡ್ಡಪ್ಪ ನಡೆದದ್ದು ಹೇಗೆ? ನೆದರ್‌ಲೆಂಡ್ಸ್‌ನ ವೈದ್ಯರು 2010ರಲ್ಲಿ 58 ವರ್ಷದ ಒಬ್ಬ ರೋಗಿಯ ವಿಷಯ ಪ್ರಕಟಿಸಿದರು. ನಾಲ್ಕು ಹೆಜ್ಜೆ ಇಡಲಾಗದೆ ಬೀಳುತ್ತಿದ್ದ ಮನುಷ್ಯ. ಸೈಕಲ್ ಹತ್ತಿಸಿದರೆ ಸಲೀಸಾಗಿ ತುಳಿದುಕೊಂಡು ಹೋದರು, ತಿರುಗಿಸಿಕೊಂಡು ವಾಪಸ್ ಬಂದರು. ಇಳಿದ ತಕ್ಷಣ ಕಾಲು ಮತ್ತೆ ಅಂಟಿಕೊಂಡಿತು. ಹೊರಗಿನಿಂದ ಒಂದು ಆಸರೆ ಸಿಕ್ಕರೆ, ಅದು ತಿರುಗುವ ಪೆಡಲ್ ಇರಬಹುದು, ತಾಳ ಇರಬಹುದು, ನೆಲದ ಮೇಲಿನ ಗೆರೆ ಇರಬಹುದು, ಥಟ್ಟನೆ ಬಂದ ಅಪಾಯ ಇರಬಹುದು, ಸೋತ ನೀರುಗಂಟಿಯನ್ನು ಬಿಟ್ಟು ಬೇರೆ ದಾರಿಯಿಂದ ನೀರು ಹರಿಯುತ್ತದೆ. ಒಳಗಿನಿಂದ ತಾನಾಗಿ ಏಳಬೇಕಾದ್ದು ಮಾತ್ರ ಏಳುವುದಿಲ್ಲ.

ನಮ್ಮ ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ದೊಡ್ಡಪ್ಪ ಹೊಸ್ತಿಲ ಹತ್ತಿರ ನಿಂತಾಗ ಉಳಿದವರೆಲ್ಲ 'ಬನ್ನಿ, ಬನ್ನಿ' ಅಂತ ಕೈ ಹಿಡಿದು ಎಳೆಯುತ್ತಿದ್ದೆವು. ಎಳೆದಷ್ಟೂ ಕಾಲು ಬಿಗಿಯಾಗುತ್ತಿತ್ತು. ದೊಡ್ಡಮ್ಮ ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ತಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು 'ಇದನ್ನ ದಾಟಿ' ಅನ್ನುತ್ತಿದ್ದರು. ದೊಡ್ಡಪ್ಪ ಕಾಲೆತ್ತಿ ದಾಟುತ್ತಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಆಮೇಲೆ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಕೈಯಲ್ಲೇ, ಉಳಿದ ಪುಡಿಯಲ್ಲಿ, ನಡುಮನೆಯಿಂದ ಬಚ್ಚಲಿನ ತನಕ ಒಂದೊಂದು ಹೆಜ್ಜೆಗೆ ಒಂದೊಂದು ಅಡ್ಡ ಗೆರೆ ಎಳೆಯಲು ಶುರು ಮಾಡಿದರು. ನೆಲ ಒರೆಸಿದಾಗ ಅಳಿಸುತ್ತಿತ್ತು. ಮಾರನೇ ದಿನ ಮತ್ತೆ ಎಳೆಯುತ್ತಿದ್ದರು. ದೊಡ್ಡಪ್ಪ ಆ ಗೆರೆಗಳನ್ನು ಒಂದೊಂದಾಗಿ ದಾಟಿಕೊಂಡು ಸ್ನಾನಕ್ಕೆ ಹೋಗುತ್ತಿದ್ದರು.